ಪೂರ್ವಿಕರ ನೆಲದಲ್ಲಿ ವಾಲ್ಟರ್ ಸ್ಕಾಟ್

ಸ್ಕಾಟ್ಲೆಂಡಿನ ದಕ್ಷಿಣ ಗಡಿನಾಡಿನಲ್ಲಿ ಟ್ವೀಡ್ ನದಿಯು ಒಂದೆಡೆ ಬಿಲ್ಲಿನಂತೆ ಬಾಗಿ ಹರಿಯುತ್ತದೆ. ಆ ಬಾಗಿನ ಒಳಗೆ, ಹಳೆಯ ಮರಗಳ ನೆರಳಿನಲ್ಲಿ, ಡ್ರೈಬರೊ ಎಂಬ ಕ್ರೈಸ್ತ ಮಠದ ಭಗ್ನಾವಶೇಷಗಳಿವೆ. 1150ರಲ್ಲಿ ಸ್ಥಾಪಿತವಾದ ಈ ಮಠವನ್ನು ಇಂಗ್ಲಿಷ್ ಸೇನೆಗಳು ಒಂದಕ್ಕಿಂತ ಹೆಚ್ಚು ಸಲ ಸುಟ್ಟವು. ಮತಸುಧಾರಣೆಯ ತರುವಾಯ ಅಲ್ಲಿ ಸಂನ್ಯಾಸಿಗಳೂ ಉಳಿಯಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಜಮೀನು ಹ್ಯಾಲಿಬರ್ಟನ್ ಎಂಬ ಮನೆತನದ ಸ್ವತ್ತಾಗಿದ್ದಿತು. ಆ ಮನೆತನದ ರಾಬರ್ಟ್ ಹ್ಯಾಲಿಬರ್ಟನ್ ಎಂಬಾತ ವ್ಯಾಪಾರಕ್ಕೆ ಕೈಹಾಕಿ ದಿವಾಳಿಯೆದ್ದನು. ತಲೆಮಾರುಗಳಿಂದ ಬಂದ ಆಸ್ತಿ ಅಲ್ಪ ಬೆಲೆಗೆ ಪರರ ಪಾಲಾಯಿತು. ಆ ಮನೆತನದ ಹೆಣ್ಣುಮಗಳೊಬ್ಬಳ ಮೊಮ್ಮಗನಿಗೆ ನ್ಯಾಯವಾಗಿ ಬರಬಹುದಾಗಿದ್ದ ಆ ನೆಲದಲ್ಲಿ ಅವನಿಗೆ ಕೊನೆಗೆ ಉಳಿದದ್ದು ಒಂದೇ ಹಕ್ಕು: ಸತ್ತಮೇಲೆ ಅಲ್ಲಿ ಹೂಳಿಸಿಕೊಳ್ಳುವ ಹಕ್ಕು. ಆ ಮೊಮ್ಮಗನೇ ಸರ್ ವಾಲ್ಟರ್ ಸ್ಕಾಟ್. ತನ್ನ ಆತ್ಮವೃತ್ತಾಂತವನ್ನು ಬರೆಯತೊಡಗಿದಾಗ ಅವನು ಈ ಸಂಗತಿಯನ್ನು ಮರೆಯದೆ ಹೇಳಿಕೊಂಡಿದ್ದಾನೆ.

ಸ್ಕಾಟನ ಹೆಸರು ನಮ್ಮ ವಾಚಕರಿಗೆ ಅಪರಿಚಿತವಲ್ಲ. ಶಾಲೆಗಳಲ್ಲಿ ಸಂಕ್ಷೇಪಗೊಳಿಸಿದ ‘ಐವನ್‌ಹೋ’ವನ್ನು ಓದಿ, ಪರೀಕ್ಷೆ ಬರೆದು, ಮರೆತವರು ಅನೇಕರಿದ್ದಾರೆ. ಚಾರಿತ್ರಿಕ ಕಾದಂಬರಿಯ ಜನಕನೆಂದು ಅವನನ್ನು ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ಹೊಗಳಿ ಮುಂದೆ ಸಾಗುತ್ತವೆ. ಆದರೆ ಅವನ ಬಾಳಿನ ಕಥೆ ಅವನು ಬರೆದ ಯಾವ ಕಾದಂಬರಿಗಿಂತಲೂ ಕಡಿಮೆಯಾದುದಲ್ಲ. ಅದು ತನ್ನ ಪೂರ್ವಿಕರು ನಿಂತ, ನಡೆದ, ಕಾದಿದ, ಕದ್ದ ನೆಲವನ್ನೆಲ್ಲ ಕುಂಟುಗಾಲಿನಲ್ಲಿ ಸುತ್ತಿ ನೋಡಿದವನ ಕಥೆ. ಆ ನೆಲವನ್ನು ಕೇಳಿಸಿಕೊಳ್ಳುವುದು ಸಾಲದೆ ಕೊಂಡುಕೊಳ್ಳಲೂ ಹೊರಟವನ ಕಥೆ.

ಅವನು ಹುಟ್ಟಿದ್ದು 1771ರ ಆಗಸ್ಟ್ 15ರಂದು, ಎಡಿನ್‌ಬರೊ ನಗರದ ಹಳೆಯ ಪೇಟೆಯ ಇಕ್ಕಟ್ಟಾದ ಓಣಿಯೊಂದರಲ್ಲಿ. ತಂದೆ ವಕೀಲಿ ವೃತ್ತಿಯವನು, ಕಟ್ಟುನಿಟ್ಟಿನ ಧರ್ಮಶ್ರದ್ಧೆಯವನು. ತಾಯಿ ಆನ್ ರದರ್‌ಫರ್ಡ್ ಎಡಿನ್‌ಬರೊ ವಿಶ್ವವಿದ್ಯಾನಿಲಯದ ವೈದ್ಯಶಾಸ್ತ್ರದ ಪ್ರಾಧ್ಯಾಪಕನ ಮಗಳು. ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ಜ್ವರ ಬಂದು ಬಲಗಾಲು ಬತ್ತಿತು. ಇಂದಿನವರು ಪೋಲಿಯೋ ಎಂದು ಗುರುತಿಸುವ ಆ ರೋಗಕ್ಕೆ ಅಂದಿನ ವೈದ್ಯರಲ್ಲಿ ಮದ್ದಿರಲಿಲ್ಲ. ಹಳ್ಳಿಯ ಗಾಳಿಯಾದರೂ ಗುಣ ಕೊಟ್ಟೀತೆಂದು ಮಗುವನ್ನು ಸ್ಯಾಂಡಿನೋ ಎಂಬಲ್ಲಿದ್ದ ಅಜ್ಜನ ಹೊಲಮನೆಗೆ ಕಳುಹಿಸಿದರು. ಅಲ್ಲಿ ಮಾಡದ ನಾಟಿ ಉಪಚಾರವಿಲ್ಲ. ಆಗತಾನೆ ಸುಲಿದ ಕುರಿಯ ಬಿಸಿಚರ್ಮದಲ್ಲಿ ಕೂಸನ್ನು ಸುತ್ತಿ ಮಲಗಿಸಿದ್ದೂ ಉಂಟು. ಕಾಲು ನೆಟ್ಟಗಾಗಲಿಲ್ಲ, ಆದರೆ ಮಗು ಬದುಕಿತು, ಕುಂಟುತ್ತಲೇ ಬಲಿಯಿತು.

ಆ ಹೊಲಮನೆಯ ಹಿಂದೆಯೇ ಒಂದು ಕಲ್ಲುಗುಡ್ಡ. ಅದರ ನೆತ್ತಿಯಲ್ಲಿ ಸ್ಮೇಲಮ್ ಎಂಬ ಹಾಳುಬಿದ್ದ ಗೋಪುರ. ಗಡಿನಾಡಿನ ಸಣ್ಣ ಪಾಳೆಯಗಾರರು ದಾಳಿಯ ಕಾಲದಲ್ಲಿ ಬಾಗಿಲಿಕ್ಕಿಕೊಂಡು ಕುಳಿತುಕೊಳ್ಳುತ್ತಿದ್ದ, ದಪ್ಪ ಗೋಡೆಯ, ಕಿರಿಕಿಟಕಿಯ ಕಟ್ಟಡ ಅದು. ಕುರಿಗಾಹಿಯು ಮಂದೆಯ ಜೊತೆಗೆ ಈ ಹುಡುಗನನ್ನೂ ಹೊತ್ತುಕೊಂಡು ಹೋಗಿ ಹುಲ್ಲಿನ ಮೇಲೆ ಬಿಡುತ್ತಿದ್ದನು. ಒಂದು ದಿನ ಗುಡುಗುಮಳೆ ಬಂದಾಗ ಮಗುವನ್ನು ಗುಡ್ಡದ ಮೇಲೆ ಮರೆತು ಬಂದದ್ದು ನೆನಪಾಗಿ ಸೋದರತ್ತೆ ಜಾನೆಟ್ ಓಡಿಹೋದಳಂತೆ. ಅವನು ಅಂಗಾತ ಮಲಗಿ ಮಿಂಚು ಹೊಳೆದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದನಂತೆ. ಮುಂದೆ ದೊಡ್ಡವನಾದ ಮೇಲೆ, ಸ್ಮೇಲಮ್ ಗೋಪುರ ಇನ್ನಷ್ಟು ಕುಸಿಯುವುದನ್ನು ಕಂಡು, ಅದರ ಒಡೆಯನಾಗಿದ್ದ ತನ್ನ ಬಂಧುವನ್ನು ಅದನ್ನು ಉಳಿಸಬೇಕೆಂದು ಅವನು ಬೇಡಿಕೊಂಡನು. ಒಡೆಯನು ಒಪ್ಪಿದನು, ಪ್ರತಿಫಲವಾಗಿ ಗೋಪುರದ ಮೇಲೆ ಒಂದು ಕಥನಗೀತೆಯನ್ನು ಬರೆದುಕೊಡಬೇಕೆಂದು ಕೇಳಿದನು. ಸ್ಕಾಟನ ಮೊದಮೊದಲ ಕವನಗಳಲ್ಲೊಂದು ಹುಟ್ಟಿದ್ದು ಹೀಗೆ, ಒಂದು ಹಳೆಯ ಗೋಡೆಯ ರಿಪೇರಿಯ ಬಾಬತ್ತಿನಲ್ಲಿ. ಆ ಗೋಪುರ ಇಂದಿಗೂ ನಿಂತಿದೆ.

ಚಳಿಗಾಲದ ರಾತ್ರಿಗಳಲ್ಲಿ ಒಲೆಯ ಮುಂದೆ ಕುಳಿತು ಅಜ್ಜಿ ಬಾರ್ಬರಾ ಗಡಿನಾಡಿನ ಕಥೆಗಳನ್ನು ಹೇಳುತ್ತಿದ್ದಳು. ಆ ಕಥೆಗಳ ನಾಯಕರು ಬೇರೆಯವರಲ್ಲ, ಇವರ ಮನೆತನದವರೇ. ನಮ್ಮ ಹಳಗನ್ನಡದಲ್ಲಿ ತುರುಗೋಳ್ ಎಂಬ ಮಾತಿದೆ. ವೀರಗಲ್ಲುಗಳನ್ನು ಓದಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡು ಸ್ಕಾಟ್ಲೆಂಡುಗಳ ನಡುವಣ ಗಡಿಯಲ್ಲಿ ಮೂರು ಶತಮಾನ ನಡೆದದ್ದು ಅದೇ. ಹಾರ್ಡನ್ ಎಂಬಲ್ಲಿಯ ಮುದಿ ವಾಟ್ ಈ ದನಗಳ್ಳರಲ್ಲಿ ಹೆಸರಾದವನು. ಮನೆಯಲ್ಲಿ ಮಾಂಸ ಮುಗಿದಾಗ ಅವನ ಹೆಂಡತಿ ಊಟದ ತಟ್ಟೆಯಲ್ಲಿ ಕುದುರೆ ಸವಾರನ ಹಿಮ್ಮಡಿ ಮುಳ್ಳುಗಳನ್ನಿಟ್ಟು ಬಡಿಸುತ್ತಿದ್ದಳಂತೆ. ಎದ್ದು ಹೋಗಿ ತಂದರೆ ಊಟ ಎಂಬುದು ಅದರ ಸೂಚನೆ. ವಾಟನ ಮಗ ವಿಲಿಯಮ್ ದನ ಕದಿಯಹೋಗಿ ಎಲಿಬ್ಯಾಂಕಿನ ಮರ್ರೆಯ ಕೈಗೆ ಸಿಕ್ಕಿಬಿದ್ದನು. ಗಲ್ಲುಮರವೋ ತನ್ನ ಅಗಲಬಾಯಿಯ ಕುರೂಪಿ ಮಗಳೋ ಆರಿಸಿಕೊ ಎಂದು ಮರ್ರೆ ಹೇಳಿದನೆಂದೂ, ಹುಡುಗನು ಬಹಳ ಯೋಚಿಸಿ ಮಗಳನ್ನು ಆರಿಸಿಕೊಂಡನೆಂದೂ ಐತಿಹ್ಯ. ಆ ಮದುವೆ ನಡೆದದ್ದು ನಿಜ. ಗಲ್ಲುಮರದ ಭಾಗವನ್ನು ಮೊಮ್ಮಕ್ಕಳು ಸೇರಿಸಿರಲೂಬಹುದು. ಅದೇನೇ ಇರಲಿ, ತಾನು ಆ ದಂಪತಿಗಳ ಸಂತಾನವೆಂದು ಹೇಳಿಕೊಳ್ಳುವುದರಲ್ಲಿ ಸ್ಕಾಟನಿಗೆ ಎಂದೂ ನಾಚಿಕೆಯಾಗಲಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ಕಾಲದಲ್ಲಿ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕುಳಿತು ರೈತನ ಮನೆಯ ಮುಂದೆ ಅವನ ತಾತ ಮುತ್ತಾತಂದಿರ ಹೆಸರುಗಳನ್ನು ಒಂದೂ ತಪ್ಪದಂತೆ ಹೇಳಿ ಕಾಳು ಕಡಿ ಪಡೆದು ಹೋಗುತ್ತಾರೆ. ಹೆಳವನೆಂದರೆ ಕುಂಟನೆಂದೇ ಅರ್ಥ. ಸ್ಕಾಟನನ್ನು ಗಡಿನಾಡಿನ ಹೆಳವನೆಂದು ಕರೆದರೆ ಅವನಿಗೆ ಬೇಸರವಾಗುತ್ತಿರಲಿಲ್ಲವೆಂದು ನನ್ನ ಭಾವನೆ.

ಹತ್ತಿರದ ಪೂರ್ವಿಕರೂ ಸ್ವಾರಸ್ಯವಿಲ್ಲದವರಲ್ಲ. ಮುತ್ತಜ್ಜನೊಬ್ಬ ಪದಚ್ಯುತವಾದ ಸ್ಟೂವರ್ಟ್ ರಾಜವಂಶದ ಕಟ್ಟಾ ಅಭಿಮಾನಿ. ಆ ವಂಶ ಮತ್ತೆ ಸಿಂಹಾಸನವೇರುವವರೆಗೆ ಗಡ್ಡ ತೆಗೆಯುವುದಿಲ್ಲವೆಂದು ಶಪಥ ಮಾಡಿ, ಗಡ್ಡದವನೆಂದೇ ಹೆಸರಾಗಿ, ಆಸ್ತಿ ಕಳೆದುಕೊಂಡು, ಗಡ್ಡದೊಡನೆಯೇ ಸತ್ತನು. ಅವನ ಮಗ, ಸ್ಯಾಂಡಿನೋದ ಅಜ್ಜ ರಾಬರ್ಟ್, ಮೊದಲ ಸಲ ಕುರಿಮಂದೆ ಕೊಳ್ಳಲು ಮುದಿ ಕುರುಬನೊಬ್ಬನ ಬಾಳಿನ ಉಳಿತಾಯವಾದ ಮೂವತ್ತು ಪೌಂಡನ್ನು ಸಾಲ ಪಡೆದು ಸಂತೆಗೆ ಹೋದವನು, ಆ ಹಣವನ್ನೆಲ್ಲ ಸುರಿದು ಒಂದು ಬೇಟೆಗುದುರೆಯನ್ನು ಕೊಂಡು ತಂದನು! ಕುರುಬನು ತಲೆಯ ಮೇಲೆ ಕೈಹೊತ್ತು ಕುಳಿತನು. ಪುಣ್ಯಕ್ಕೆ ಕೆಲವು ದಿನಗಳ ಮೇಲೆ ಕುದುರೆ ಇಮ್ಮಡಿ ಬೆಲೆಗೆ ಮಾರಿಹೋಗಿ ಹೊಲಮನೆ ನೆಲೆಗೊಂಡಿತು. ಸಾಲದ ದುಡ್ಡಿನಿಂದ ಮನಸ್ಸಿಗೆ ಹಿಡಿಸಿದ್ದನ್ನು ಕೊಳ್ಳುವ ಈ ಗುಣ ಮೊಮ್ಮಗನಿಗೂ ಇಳಿದು ಬಂದಿತು. ಕುದುರೆಯ ಅದೃಷ್ಟ ಮಾತ್ರ ಇಳಿದು ಬರಲಿಲ್ಲ.

ಎಡಿನ್‌ಬರೊದ ವಿದ್ಯಾಭ್ಯಾಸವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಅವನು ಮುಂದೆ ನಿಂತ ವಿದ್ಯಾರ್ಥಿಯಲ್ಲ. ಕಥೆ ಹೇಳುವುದರಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಹದಿನೈದು ಹದಿನಾರರ ವಯಸ್ಸಿನಲ್ಲಿ, ಪ್ರೊಫೆಸರ್ ಫರ್ಗ್ಯುಸನ್ ಮನೆಯ ಸಭೆಯಲ್ಲಿ, ಕವಿ ರಾಬರ್ಟ್ ಬರ್ನ್ಸ್‌ನನ್ನು ನೋಡುವ ಭಾಗ್ಯ ಅವನಿಗೆ ಒದಗಿತು. ಗೋಡೆಯ ಮೇಲಿನ ಚಿತ್ರದಡಿಯ ಪದ್ಯ ಯಾರದೆಂದು ಬರ್ನ್ಸ್ ಕೇಳಿದಾಗ ಅಲ್ಲಿದ್ದ ವಿದ್ವಾಂಸರಾರಿಗೂ ಹೊಳೆಯಲಿಲ್ಲ. ಮೂಲೆಯಲ್ಲಿದ್ದ ಈ ಹುಡುಗನು ಹೇಳಿದನು. ಬರ್ನ್ಸ್ ಅವನ ಕಡೆ ತಿರುಗಿ ನೋಡಿದ ನೋಟವನ್ನು ಸ್ಕಾಟ್ ಜೀವಮಾನವೆಲ್ಲ ಮರೆಯಲಿಲ್ಲ. ತಂದೆಯ ಕಚೇರಿಯಲ್ಲಿ ಉಮೇದುವಾರನಾಗಿದ್ದಾಗ, ಬಾಕಿ ನಿಲ್ಲಿಸಿಕೊಂಡ ಗೇಣಿದಾರರನ್ನು ಒಕ್ಕಲೆಬ್ಬಿಸುವ ಆಜ್ಞೆಯೊಡನೆ ಅವನನ್ನು ಉತ್ತರದ ಗುಡ್ಡಗಾಡಿಗೆ ಕಳುಹಿಸಿದರು. ಬೆಂಗಾವಲಿಗೆ ಒಬ್ಬ ಸಾರ್ಜೆಂಟ್, ಆರು ಜನ ಸೈನಿಕರು. ಮುಂದೆ ತನ್ನ ಕಾವ್ಯದಿಂದ ಜಗತ್ಪ್ರಸಿದ್ಧವಾಗಲಿದ್ದ ಲಾಕ್ ಕ್ಯಾಟ್ರಿನ್ ಸರೋವರದ ಸೀಮೆಯನ್ನು ಅವನು ಮೊದಲು ಹೊಕ್ಕದ್ದು ಹೀಗೆ, ಜಪ್ತಿಯ ಕಾಗದ ಹಿಡಿದು. ಈ ಸಂಗತಿಯನ್ನು ಅವನ ಅಭಿಮಾನಿಗಳು ಅಷ್ಟಾಗಿ ಎತ್ತಿ ಆಡುವುದಿಲ್ಲ.

1792ರಲ್ಲಿ ಅವನು ವಕೀಲನಾದನು. ಅದೇ ವರ್ಷ ಅವನ ನಿಜವಾದ ವಿದ್ಯಾಭ್ಯಾಸವೂ ಮೊದಲಾಯಿತೆನ್ನಬೇಕು. ಗಡಿಯಂಚಿನ ಲಿಡ್ಡೆಸ್‌ಡೇಲ್ ಎಂಬ ಕಣಿವೆಗೆ ರಾಬರ್ಟ್ ಷಾರ್ಟ್‌ರೀಡ್ ಎಂಬ ಗೆಳೆಯನೊಡನೆ ಅವನು ಸಾಲಾಗಿ ಏಳು ವರ್ಷ ಸಂಚಾರ ಹೋದನು. ಆ ಕಣಿವೆಯಲ್ಲಿ ರಸ್ತೆಯಿರಲಿಲ್ಲ, ಛತ್ರವಿರಲಿಲ್ಲ. ಗಾಲಿಯಿರುವ ಬಂಡಿಯನ್ನು ಅಲ್ಲಿಯ ಜನ ಮೊದಲು ಕಂಡದ್ದೇ ಸ್ಕಾಟನು ಕೊನೆಯ ಸಂಚಾರದಲ್ಲಿ ಓಡಿಸಿಕೊಂಡು ಹೋದ ಗಾಡಿಯಲ್ಲಿ ಎಂದು ಹೇಳುತ್ತಾರೆ. ಹಗಲು ಕುದುರೆಯ ಮೇಲೆ ಬಂಜರು ದಾಟಿ ಹರ್ಮಿಟೇಜ್‌ನಂತಹ ಕೋಟೆಗಳನ್ನು ನೋಡುವುದು; ರಾತ್ರಿ ಯಾವುದೋ ಕುರುಬನ ಮನೆಯಲ್ಲಿ ಇಳಿದು, ಅವರ ರೊಟ್ಟಿ ತಿಂದು, ಅವರ ಹಾಡು ಕೇಳುವುದು. ದೊಡ್ಡ ಊರಿನ ವಕೀಲ ಬರುತ್ತಾನೆಂದು ಹೆದರಿದ ಒಬ್ಬ ರೈತ, ಅವನು ತನ್ನ ನಾಯಿಗಳ ನಡುವೆ ಕುಳಿತು ಮೈದಡವುತ್ತಿರುವುದನ್ನು ಇಣಿಕಿ ನೋಡಿ, ಇವನು ನಮ್ಮಂಥವನೇ ಎಂದು ಸಮಾಧಾನಪಟ್ಟುಕೊಂಡನಂತೆ. ಅರಿವಿಲ್ಲದೆಯೇ ಒಬ್ಬ ಲೇಖಕ ಆ ಮನೆಗಳ ಒಲೆಯ ಮುಂದೆ ತಯಾರಾಗುತ್ತಿದ್ದನು.

ಈ ಸಂಚಾರಗಳ ಫಲವಾಗಿ 1802 ಮತ್ತು 1803ರಲ್ಲಿ ಗಡಿನಾಡಿನ ಕಥನಗೀತೆಗಳ ಸಂಗ್ರಹವು ಮೂರು ಸಂಪುಟಗಳಲ್ಲಿ ಹೊರಬಂದಿತು. ಅದರಲ್ಲಿ ಅವನಿಗೆ ನೆರವಾದವರಲ್ಲಿ ಜಾನ್ ಲೇಡನ್ ಎಂಬಾತ ನಮ್ಮ ಗಮನಕ್ಕೆ ಅರ್ಹನು. ಡೆನಮ್ ಗ್ರಾಮದ ಬಡ ಮನೆಯಲ್ಲಿ ಹುಟ್ಟಿ, ಸ್ವಂತ ಪರಿಶ್ರಮದಿಂದ ಹಲವಾರು ಭಾಷೆಗಳನ್ನು ಕಲಿತ ಅದ್ಭುತ ವ್ಯಕ್ತಿ ಅವನು. ಒಂದು ಹಾಡಿನ ಉಳಿದ ಭಾಗ ಮುದುಕನೊಬ್ಬನಿಗೆ ಗೊತ್ತೆಂದು ತಿಳಿದು, ನಲವತ್ತು ಐವತ್ತು ಮೈಲಿ ನಡೆದುಹೋಗಿ, ಎರಡು ದಿನಗಳ ಮೇಲೆ ಸ್ಕಾಟನ ಮನೆಯ ಬಾಗಿಲಿಗೆ ಆ ಹಾಡನ್ನು ಗಟ್ಟಿಯಾಗಿ ಹಾಡುತ್ತಲೇ ಬಂದನಂತೆ. ಈ ಲೇಡನ್ 1803ರಲ್ಲಿ ವೈದ್ಯನಾಗಿ ಮದರಾಸಿಗೆ ಬಂದು, ಅಲ್ಲಿಂದ ಮೈಸೂರು ಸೀಮೆಯ ಮೋಜಣಿಯ ತಂಡವನ್ನು ಸೇರಿದನು. ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಹಾಸಿಗೆ ಹಿಡಿದಿದ್ದನು. 1811ರಲ್ಲಿ ಜಾವಾ ದ್ವೀಪದಲ್ಲಿ ಜ್ವರದಿಂದ ಸತ್ತಾಗ ಅವನಿಗಿನ್ನೂ ಮೂವತ್ತಾರು ತುಂಬಿರಲಿಲ್ಲ.

ಆ ಸಂಗ್ರಹಕ್ಕೆ ಸಿಕ್ಕ ಅತ್ಯಂತ ಕಟುವಾದ ವಿಮರ್ಶೆ ಯಾವ ಪತ್ರಿಕೆಯದೂ ಅಲ್ಲ. ಎಟ್ರಿಕ್ ಕಣಿವೆಯ ಕುರುಬ ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಅನೇಕ ಹಾಡುಗಳನ್ನು ನೆನಪಿನಿಂದ ಹಾಡಬಲ್ಲವಳಾಗಿದ್ದಳು. ಅವಳ ಗುಡಿಸಲಿಗೆ ಸ್ಕಾಟನು ಹೋದಾಗ ಆ ಮುದುಕಿ ಮುಖಕ್ಕೆ ಹೊಡೆದಂತೆ ಹೇಳಿದಳು: ಇವು ಹಾಡಲು ಹುಟ್ಟಿದವು, ಓದಲಲ್ಲ, ನೀನು ಅಚ್ಚುಹಾಕಿಸಿ ಇವನ್ನು ಕೆಡಿಸಿದೆ, ಇನ್ನು ಇವನ್ನು ಯಾರೂ ಹಾಡುವುದಿಲ್ಲ, ಎಂಬುದು ಅವಳ ಮಾತಿನ ತಾತ್ಪರ್ಯ. ಜನಪದ ಗೀತೆಗಳನ್ನು ಸಂಗ್ರಹಿಸಿ ಪಠ್ಯಪುಸ್ತಕ ಮಾಡುವ ನಮ್ಮಂತಹ ಅಧ್ಯಾಪಕರು ಈ ಮಾತನ್ನು ಆಗಾಗ್ಗೆ ಜ್ಞಾಪಿಸಿಕೊಳ್ಳುವುದು ಒಳ್ಳೆಯದು.

ಮುಂದಿನ ಹತ್ತು ವರ್ಷ ಅವನ ಕವಿಕೀರ್ತಿಯ ಕಾಲ. 1805ರಲ್ಲಿ ಒಂದು, 1808ರಲ್ಲಿ ಒಂದು, 1810ರಲ್ಲಿ ಒಂದು, ಹೀಗೆ ದೀರ್ಘ ಕಥನಕಾವ್ಯಗಳು ಬಂದವು. ಮೂರನೆಯದಾದ ‘ಸರೋವರದ ಮಹಿಳೆ’ ಎಂಟು ತಿಂಗಳಲ್ಲಿ 25,000 ಪ್ರತಿ ಮಾರಾಟವಾಯಿತು. ಅದರಲ್ಲಿ ರಾಜನು ಸರೋವರದ ದಂಡೆಯಿಂದ ಸ್ಟರ್ಲಿಂಗ್ ಕೋಟೆಗೆ ಕುದುರೆಯೋಡಿಸುವ ಪ್ರಸಂಗವಿದೆ. ಹೇಳಿದ ವೇಳೆಯಲ್ಲಿ ಅದು ಸಾಧ್ಯವೇ ಎಂದು ತಿಳಿಯಲು ಸ್ಕಾಟನು ತಾನೇ ಆ ದಾರಿಯಲ್ಲಿ ಕುದುರೆ ಓಡಿಸಿ ನೋಡಿದನು. ಕಾವ್ಯ ಅಚ್ಚಾದ ಬೇಸಗೆಯಲ್ಲಿ ಆ ನಿರ್ಜನ ಸರೋವರದ ಸುತ್ತ ಛತ್ರಗಳು ತುಂಬಿಹೋದವು. ಬಾಡಿಗೆ ಕುದುರೆಗಳಿಂದ ಬರುವ ತೆರಿಗೆ ಏರಿತು. ಪುಸ್ತಕವನ್ನು ಕೈಯಲ್ಲಿ ಹಿಡಿದು ಸ್ಥಳ ನೋಡಲು ಹೋಗುವ ಇಂದಿನ ಪದ್ಧತಿಗೆ ಅವನಷ್ಟು ಕಾರಣನಾದ ಲೇಖಕ ಇನ್ನೊಬ್ಬನಿಲ್ಲ.

ಬೈರನ್ನನ ಉದಯವಾದಾಗ ತನ್ನ ಪದ್ಯದ ಕಾಲ ಮುಗಿಯಿತೆಂದು ಅವನಿಗೆ ತಿಳಿಯಿತು. ಮೀನುಗಾಳದ ಸಾಮಾನು ಹುಡುಕಲು ಹಳೆಯ ಪೆಟ್ಟಿಗೆಯನ್ನು ತೆರೆದಾಗ ಎಂದೋ ಬರೆದು ಬಿಸುಟ ಗದ್ಯಕಥೆಯ ಹಾಳೆಗಳು ಸಿಕ್ಕವು. ಅದನ್ನು ಮುಗಿಸಿ 1814ರಲ್ಲಿ ಹೆಸರು ಹಾಕದೆ ಪ್ರಕಟಿಸಿದನು. ಅದೇ ‘ವೇವರ್ಲಿ’. 1745ರ ಸ್ಟೂವರ್ಟ್ ಬಂಡಾಯದ ಕಥೆ ಅದು. ಅದನ್ನು ಪುಸ್ತಕಗಳಿಂದ ಅವನು ಕಲಿತಿರಲಿಲ್ಲ. ಆ ಯುದ್ಧದಲ್ಲಿ ಕತ್ತಿ ಹಿಡಿದಿದ್ದ ಇನ್ವರ್ನಾಹೈಲಿನ ಸ್ಟೂವರ್ಟ್ ಎಂಬ ಮುದುಕ ತಂದೆಯ ಕಕ್ಷಿಗಾರನಾಗಿದ್ದನು, ಅವನ ಬಾಯಿಂದಲೇ ಹುಡುಗನಾಗಿದ್ದಾಗ ಕೇಳಿದ್ದನು. ಡನಾಟರ್ ಎಂಬಲ್ಲಿಯ ಸ್ಮಶಾನದಲ್ಲಿ, ಧರ್ಮಕ್ಕಾಗಿ ಮಡಿದವರ ಗೋರಿಗಳ ಮೇಲೆ ಸವೆದ ಅಕ್ಷರಗಳನ್ನು ಉಳಿಯಿಂದ ಮತ್ತೆ ಕೊರೆಯುತ್ತ ಊರೂರು ಅಲೆಯುತ್ತಿದ್ದ ರಾಬರ್ಟ್ ಪೇಟರ್‌ಸನ್ ಎಂಬ ಕಲ್ಲುಕುಟಿಗನನ್ನು ಅವನು ಒಮ್ಮೆ ಕಂಡಿದ್ದನು. 1816ರ ‘ಓಲ್ಡ್ ಮಾರ್ಟಾಲಿಟಿ’ ಹುಟ್ಟಿದ್ದು ಆ ಭೇಟಿಯಿಂದ. ಕಿವಿಯಿಂದ ಕೇಳಿ, ಕಾಲಿನಿಂದ ನಡೆದು ತಿಳಿದ ಸ್ಕಾಟ್ಲೆಂಡನ್ನು ಬರೆದಾಗ ಸ್ಕಾಟ್ ನಿಜವಾಗಿ ದೊಡ್ಡವನು. ಅಲ್ಲಿಯ ರೈತರು, ಭಿಕ್ಷುಕರು, ಆಳುಗಳು ತಮ್ಮ ಆಡುನುಡಿಯಲ್ಲಿ ಮಾತನಾಡತೊಡಗಿದರೆ ರಾಜರು ಮಂಕಾಗುತ್ತಾರೆ. ನಮ್ಮ ಹುಡುಗರಿಗೆ ‘ಐವನ್‌ಹೋ’ದ ಬದಲು ಈ ಕೃತಿಗಳ ಪರಿಚಯವಾಗಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಅವನು ಮೂಡಿಸಿದ ಮಾರ್ಗ ಐರೋಪ್ಯ ಭಾಷೆಗಳನ್ನು ದಾಟಿ ಬಂಗಾಳಕ್ಕೂ ಬಂದಿತು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಜನರು ಸ್ಕಾಟನ ಕೃತಿಯೊಡನೆ ಹೋಲಿಸಿದರು; ಬಿ. ವೆಂಕಟಾಚಾರ್ಯರ ಭಾಷಾಂತರದಿಂದ ಅದು ಕನ್ನಡಿಗರ ಮನೆಯನ್ನೂ ಸೇರಿತು.

1811ರಲ್ಲಿ ಸ್ಕಾಟನು ಟ್ವೀಡ್ ನದಿಯ ದಂಡೆಯಲ್ಲಿ ಸುಮಾರು 110 ಎಕರೆಯ ಒಂದು ಸಾಮಾನ್ಯ ಹೊಲವನ್ನು ಕೊಂಡನು. ಸುತ್ತಲಿನವರು ಅದನ್ನು ಕೆಸರುಗುಂಡಿ ಎಂಬರ್ಥದ ಹೆಸರಿನಿಂದ ಹಾಸ್ಯ ಮಾಡುತ್ತಿದ್ದರು. ಮೆಲ್‌ರೋಸ್ ಮಠದ ಗುರುಗಳು ಹಿಂದೆ ಅಲ್ಲಿ ಹೊಳೆ ದಾಟುತ್ತಿದ್ದರೆಂದು ಅವನು ಅದಕ್ಕೆ ಆಬಟ್ಸ್‌ಫರ್ಡ್ ಎಂದು ಹೊಸ ಹೆಸರಿಟ್ಟನು. ಹೊಲಮನೆ ಹೋಗಿ ಗೋಪುರಗಳ ಅರಮನೆ ಎದ್ದಿತು. 110 ಎಕರೆ ಹೋಗಿ 1,400 ಎಕರೆಯಾಯಿತು. ಯಾವ ತುಂಡು ನೆಲಕ್ಕೆ ಹಳೆಯ ಕಥೆ ಅಂಟಿಕೊಂಡಿದೆಯೋ ಅದು ಅವನಿಗೆ ಬೇಕು. ಇದನ್ನರಿತ ನೆರೆಯವರು ಕಲ್ಲುಭೂಮಿಗೂ ಬೆಲೆ ಏರಿಸಿದರು. ಜಾನಪದದ ಥಾಮಸ್ ಕವಿ ಅಪ್ಸರೆಯರ ರಾಣಿಯನ್ನು ಕಂಡ ಕಣಿವೆಯೆಂದು ಒಂದು ಹಳ್ಳವನ್ನು ಕೊಂಡನು. ಆ ಹೆಸರನ್ನು ಹಳ್ಳಕ್ಕೆ ಇಟ್ಟವನು ಅವನೇ.

ತಮಾಷೆಯೆಂದರೆ, ಈ ಹುಚ್ಚನ್ನು ಅವನಷ್ಟು ಚೆನ್ನಾಗಿ ಅರಿತವನು ಇನ್ನಾರೂ ಇರಲಿಲ್ಲ. 1816ರಲ್ಲಿಯೇ ಬರೆದ ‘ಆಂಟಿಕ್ವರಿ’ ಎಂಬ ಕಾದಂಬರಿಯಲ್ಲಿ ಓಲ್ಡ್‌ಬಕ್ ಎಂಬ ಪುರಾತತ್ತ್ವಪ್ರಿಯನಿದ್ದಾನೆ. ಒಂದು ಬರಡು ದಿಬ್ಬವನ್ನು ರೋಮನ್ನರ ಯುದ್ಧಶಿಬಿರವೆಂದು ನಂಬಿ, ಎಕರೆಗೆ ಎಕರೆ ಒಳ್ಳೆಯ ಬೆಳೆಭೂಮಿಯನ್ನು ಕೊಟ್ಟು ಅದನ್ನು ಪಡೆದಿದ್ದಾನೆ. ಅತಿಥಿಗೆ ಅದನ್ನು ತೋರಿಸಿ ಸಂಶೋಧನೆಯನ್ನು ವಿವರಿಸುತ್ತಿರುವಾಗ ಹಿಂದಿನಿಂದ ಮುದಿ ಭಿಕ್ಷುಕನೊಬ್ಬ ಬಂದು, ಆ ದಿಬ್ಬವನ್ನು ಕಟ್ಟಿದಾಗ ತಾನು ಅಲ್ಲಿಯೇ ಇದ್ದೆನೆಂದು ಹೇಳಿಬಿಡುತ್ತಾನೆ. ಓದುಗರು ನಕ್ಕರು. ಬರೆದವನೂ ನಕ್ಕನು. ಮರುದಿನ ಎದ್ದು ಮತ್ತೊಂದು ಜಮೀನಿನ ಕ್ರಯಪತ್ರಕ್ಕೆ ರುಜು ಹಾಕಿದನು.

ಆಬಟ್ಸ್‌ಫರ್ಡ್‌ನ ಗೋಡೆಗಳಲ್ಲಿ ಹಾಳುಮಠಗಳ, ಕೆಡವಿದ ಕಟ್ಟಡಗಳ ಕಲ್ಲುಗಳು ಸೇರಿದವು. 1817ರಲ್ಲಿ ಎಡಿನ್‌ಬರೊದ ಹಳೆಯ ಸೆರೆಮನೆಯನ್ನು ಕೆಡವಿದಾಗ ಅದರ ಬಾಗಿಲನ್ನೇ ತರಿಸಿ ಕೂಡಿಸಿದನು. ರಾಬ್ ರಾಯ್‌ನ ಬಂದೂಕು ಬಂದಿತು. ಮೊದಲಂಗಣದ ಛಾವಣಿಯ ಮೇಲೆ ತನ್ನ ಹದಿನಾರು ಪೂರ್ವಿಕ ಕುಲಗಳ ಲಾಂಛನಗಳನ್ನು ಗುರಾಣಿಗಳಲ್ಲಿ ಬರೆಸಹೊರಟನು. ತಂದೆಯ ಕಡೆಯವು ಸಿಕ್ಕವು. ತಾಯಿಯ ಕಡೆಯ ಕೆಲವು ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಕೋಟಿಗಟ್ಟಲೆ ಅಕ್ಷರಗಳಲ್ಲಿ ಕಲ್ಪನೆಯ ಮನುಷ್ಯರನ್ನು ಸೃಷ್ಟಿಸಿದವನಿಗೆ ಎರಡು ಮೂರು ಲಾಂಛನಗಳನ್ನು ಕಲ್ಪಿಸುವುದು ಕಷ್ಟವೇ? ಅವನು ಕಲ್ಪಿಸಲಿಲ್ಲ. ಆ ಗುರಾಣಿಗಳಲ್ಲಿ ಮೋಡಗಳನ್ನು ಬರೆಸಿ, ದಟ್ಟ ರಾತ್ರಿ ಇವನ್ನು ಮುಚ್ಚಿದೆಯೆಂಬ ಅರ್ಥದ ಲ್ಯಾಟಿನ್ ಮಾತನ್ನು ಕೆಳಗೆ ಹಾಕಿಸಿದನು. ಅಷ್ಟೊಂದು ಆಡಂಬರದ ಆ ಮನೆಯಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು, ಓದಿ ತಿಳಿದಷ್ಟರಲ್ಲಿ, ಈ ಮೋಡಗಳು.

ಅದೇ ಕಾಲದಲ್ಲಿ ಅವನ ಪುರಾತತ್ತ್ವಪ್ರೇಮ ಮನೆಯಿಂದ ದೇಶಕ್ಕೆ ಹರಿಯಿತು. 1707ರಲ್ಲಿ ಇಂಗ್ಲೆಂಡಿನೊಡನೆ ಸ್ಕಾಟ್ಲೆಂಡು ಒಂದಾದಾಗ ಅದರ ಕಿರೀಟ, ರಾಜದಂಡ, ಖಡ್ಗಗಳನ್ನು ಎಡಿನ್‌ಬರೊ ಕೋಟೆಯಲ್ಲಿ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದರು. ಅವು ಇನ್ನೂ ಇವೆಯೋ, ಲಂಡನ್ನಿಗೆ ಸಾಗಿಹೋದವೋ ಎಂಬ ಸಂಶಯವಿದ್ದಿತು. ಸ್ಕಾಟನ ಪ್ರಯತ್ನದಿಂದ 1818ರ ಫೆಬ್ರವರಿ 4ರಂದು ಪೆಟ್ಟಿಗೆಯನ್ನು ಒಡೆದರು. ಮೂರೂ ಇದ್ದವು. ಮರುದಿನ ಅಧಿಕಾರಿಯೊಬ್ಬನು ವಿನೋದಕ್ಕೆ ಆ ಕಿರೀಟವನ್ನು ಒಬ್ಬ ತರುಣಿಯ ತಲೆಗಿಡಲು ಹೋದಾಗ, ಸದಾ ನಗುಮುಖದ ಸ್ಕಾಟನು ಗುಡುಗಿದ ದನಿಗೆ ಅಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. 1820ರಲ್ಲಿ ಅವನಿಗೆ ವಂಶಪಾರಂಪರ್ಯವಾದ ಬ್ಯಾರನೆಟ್ ಪದವಿ ಬಂದಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದಾಗ ಉತ್ಸವದ ಸೂತ್ರಧಾರ ಸ್ಕಾಟನೇ. ಗುಡ್ಡಗಾಡಿನವರ ಚೌಕಳಿ ಬಟ್ಟೆಯನ್ನು ನಾಡಿಗೆಲ್ಲ ತೊಡಿಸಿದನು. ಸ್ಥೂಲಕಾಯದ ದೊರೆಗೂ ತೊಡಿಸಿದನು. 1746ರಿಂದ 1782ರವರೆಗೆ ಕಾನೂನು ನಿಷೇಧಿಸಿದ್ದ ಉಡುಪು ಅದು. ಅದನ್ನುಡುವ ಜನರನ್ನು ಕುರಿ ಸಾಕಣೆಗಾಗಿ ಭೂಮಾಲೀಕರು ಒಕ್ಕಲೆಬ್ಬಿಸುತ್ತಿದ್ದ ದಿನಗಳಲ್ಲಿಯೇ ಈ ವೇಷಭೂಷಣ ನಡೆಯಿತೆಂಬುದನ್ನು ಮರೆಯಲಾಗದು. ದೊರೆ ಕುಡಿದ ಬಟ್ಟಲನ್ನು ಮೊಮ್ಮಕ್ಕಳಿಗಾಗಿ ಕಾಪಿಡಬೇಕೆಂದು ಬೇಡಿ ಪಡೆದು ಸ್ಕಾಟನು ಕೋಟಿನ ಹಿಂಜೇಬಿನಲ್ಲಿ ಇಟ್ಟುಕೊಂಡನು. ಮನೆಗೆ ಬಂದು ಮರೆತು ಅದರ ಮೇಲೆಯೇ ಕುಳಿತನು.

ಭೂಮಿಗೂ ಗೋಪುರಗಳಿಗೂ ಹಣ ಬರುತ್ತಿದ್ದುದು ಇನ್ನೂ ಬರೆಯದ ಪುಸ್ತಕಗಳ ಮೇಲೆ ಎತ್ತಿದ ಹುಂಡಿಗಳಿಂದ. ಬಾಲ್ಯದ ಗೆಳೆಯ ಬ್ಯಾಲಂಟೈನನ ಮುದ್ರಣಾಲಯದಲ್ಲಿ ಅವನು ಗುಟ್ಟಾಗಿ ಪಾಲುದಾರನಾಗಿದ್ದನು. 1826ರ ಜನವರಿಯಲ್ಲಿ ಪ್ರಕಾಶಕ ಕಾನ್‌ಸ್ಟೆಬಲ್ ಮುಳುಗಿದನು, ಮುದ್ರಣಾಲಯ ಮುಳುಗಿತು, ಸುಮಾರು 1,20,000 ಪೌಂಡುಗಳ ಸಾಲ ಸ್ಕಾಟನ ತಲೆಯ ಮೇಲೆ ಬಿದ್ದಿತು. ಡ್ರೈಬರೊ ಕಳೆದುಹೋದ ಬಗೆಯೇ ಮರುಕಳಿಸಿತು. ಒಂದೇ ವ್ಯತ್ಯಾಸ: ಅವನು ದಿವಾಳಿ ಘೋಷಿಸಿಕೊಳ್ಳಲು ಒಪ್ಪಲಿಲ್ಲ. ಬರೆದು ತೀರಿಸುತ್ತೇನೆಂದು ಸಾಲಗಾರರಿಗೆ ಮಾತು ಕೊಟ್ಟನು. ಮೇ ತಿಂಗಳಲ್ಲಿ ಹೆಂಡತಿ ತೀರಿಕೊಂಡಳು. ಬಾಡಿಗೆ ಕೋಣೆಯಲ್ಲಿ ಕುಳಿತು ಬೆಳಗಿನಿಂದ ರಾತ್ರಿಯವರೆಗೆ ಬರೆದನು. ಒಂಬತ್ತು ಸಂಪುಟಗಳ ನೆಪೋಲಿಯನ್ ಚರಿತ್ರೆ, ಕಾದಂಬರಿಗಳು, ಮೊಮ್ಮಗನಿಗಾಗಿ ಸ್ಕಾಟ್ಲೆಂಡಿನ ಇತಿಹಾಸದ ಕಥೆಗಳು. ಬೆರಳುಗಳು ಚಳಿಗೆ ಬಿರಿದರೂ ಲೇಖನಿ ನಿಲ್ಲಲಿಲ್ಲ.

ಈ ಅವಸರದ ದಿನಗಳಲ್ಲಿ, 1827ರಲ್ಲಿ, ಅವನು ಬರೆದ ‘ವೈದ್ಯನ ಮಗಳು’ ಎಂಬ ಕಥೆ ಕನ್ನಡಿಗರಿಗೆ ಕುತೂಹಲಕಾರಿ. ಅದರ ಕೊನೆಯ ಭಾಗ ನಡೆಯುವುದು ಹೈದರ್ ಅಲಿಯ ಮೈಸೂರಿನಲ್ಲಿ. ಟಿಪ್ಪು ಬರುತ್ತಾನೆ, ಬೆಂಗಳೂರಿನಲ್ಲಿ ದ್ರೋಹಿಯೊಬ್ಬನನ್ನು ಹೈದರನ ಆಜ್ಞೆಯಂತೆ ಆನೆ ತುಳಿದು ಕೊಲ್ಲುತ್ತದೆ. ಸ್ಕಾಟನು ಭಾರತವನ್ನು ಕಂಡವನಲ್ಲ. ಇಲ್ಲಿದ್ದು ಬಂದ ನೆರೆಯ ಕರ್ನಲ್ ಫರ್ಗ್ಯುಸನ್ ಎಂಬಾತನಿಂದ ಕೇಳಿ ಬರೆದನು. ಕಥೆಯ ಮೊದಲ ಭಾಗದಲ್ಲಿ ಸ್ಕಾಟಿಷ್ ಹಳ್ಳಿಯ ವೈದ್ಯನ ಮನೆ ಕಣ್ಣಿಗೆ ಕಟ್ಟುತ್ತದೆ. ಮೈಸೂರಿಗೆ ಬಂದೊಡನೆ ಎಲ್ಲವೂ ನಾಟಕದ ಪರದೆಯಾಗುತ್ತದೆ. ಸ್ಟರ್ಲಿಂಗಿನ ದಾರಿಯಲ್ಲಿ ಕುದುರೆ ಓಡಿಸಿ ನೋಡಿದಂತೆ ಶ್ರೀರಂಗಪಟ್ಟಣದ ದಾರಿಯನ್ನು ನೋಡುವುದು ಅವನಿಗೆ ಸಾಧ್ಯವಿರಲಿಲ್ಲವಷ್ಟೆ.

1830ರಲ್ಲಿ ಮೊದಲ ಪಾರ್ಶ್ವವಾಯುವಿನ ಹೊಡೆತ. ಅದೇ ವರ್ಷದ ಕೊನೆಯಲ್ಲಿ ಸಾಲಗಾರರು ಗೌರವದಿಂದ ಅವನ ಪುಸ್ತಕಭಂಡಾರವನ್ನೂ ಮನೆಯ ಸಾಮಾನುಗಳನ್ನೂ ಅವನಿಗೇ ಹಿಂದಿರುಗಿಸಿದರು. ಮಾತು ತೊದಲುತ್ತಿದ್ದರೂ 1831ರ ಬೇಸಗೆಯಲ್ಲಿ, ಬರೆಯುತ್ತಿದ್ದ ಕಾದಂಬರಿಗಾಗಿ, ಅಳಿಯ ಲಾಕ್‌ಹಾರ್ಟನೊಡನೆ ಡಗ್ಲಸ್ ಗ್ರಾಮಕ್ಕೆ ಹೋಗಿ ಆ ವೀರಮನೆತನದ ಗೋರಿಗಳನ್ನು ನೋಡಿ ಬಂದನು. ಅಂಥ ಸಂಚಾರಗಳಲ್ಲಿ ಅದೇ ಕೊನೆಯದು. ಬಿಸಿಲ ನಾಡಿನಲ್ಲಿ ಚೇತರಿಸಿಕೊಳ್ಳಲೆಂದು ಸರ್ಕಾರವು ಯುದ್ಧನೌಕೆಯೊಂದರಲ್ಲಿ ಅವನನ್ನು ಮಾಲ್ಟಾ, ನೇಪಲ್ಸ್‌ಗಳಿಗೆ ಕಳುಹಿಸಿತು. ರೋಮಿನ ಅವಶೇಷಗಳೂ ಅವನನ್ನು ಹಿಡಿದು ನಿಲ್ಲಿಸಲಿಲ್ಲ. ಮನೆ, ಮನೆ ಎಂದು ಹಂಬಲಿಸಿದನು. 1832ರ ಜುಲೈಯಲ್ಲಿ ಅರೆಪ್ರಜ್ಞೆಯಲ್ಲಿಯೇ ಅವನನ್ನು ಗಾಡಿಯಲ್ಲಿ ಕರೆತರುತ್ತಿದ್ದಾಗ, ಗಾಲಾ ಹೊಳೆಯ ಕಣಿವೆ ಕಂಡೊಡನೆ ಕಣ್ಣು ತೆರೆದು ಒಂದೊಂದೇ ಸ್ಥಳದ ಹೆಸರನ್ನು ಹೇಳತೊಡಗಿದನು. ಈಲ್ಡನ್ ಬೆಟ್ಟಗಳು ಕಂಡಾಗ ಗಾಡಿಯಲ್ಲಿ ಅವನನ್ನು ಹಿಡಿದುಕೊಳ್ಳುವುದೇ ಕಷ್ಟವಾಯಿತು. ಸೆಪ್ಟೆಂಬರ್ 21ರಂದು, ಕಿಟಕಿಯಾಚೆ ಟ್ವೀಡ್ ನದಿ ಹರಿಯುವ ಸದ್ದು ಕೇಳುತ್ತಿರಲು, ಅವನು ಕಣ್ಮುಚ್ಚಿದನು.

26ರಂದು ಶವವನ್ನು ಡ್ರೈಬರೊಗೆ ಒಯ್ದರು. ದಾರಿಯಲ್ಲಿ ಬೆಮರ್‌ಸೈಡ್ ದಿಬ್ಬದ ನೆತ್ತಿಯಲ್ಲಿ ಶವದ ಗಾಡಿ ಕೆಲವು ನಿಮಿಷ ನಿಂತಿತು. ನದಿಯ ಬಳುಕನ್ನೂ ಬೆಟ್ಟಗಳನ್ನೂ ನೋಡಲು ಸ್ಕಾಟನು ಯಾವಾಗಲೂ ಅಲ್ಲಿ ನಿಲ್ಲಿಸುತ್ತಿದ್ದುದರಿಂದ ಕುದುರೆಗಳು ತಾವಾಗಿಯೇ ನಿಂತವೆಂದು ಜನ ಹೇಳುತ್ತಾರೆ. ಜೊತೆಯಲ್ಲಿದ್ದ ಲಾಕ್‌ಹಾರ್ಟನು ಅದನ್ನು ಆಕಸ್ಮಿಕವೆಂದಷ್ಟೇ ಬರೆದಿದ್ದಾನೆ. ಹ್ಯಾಲಿಬರ್ಟನ್ನರು ಕಳೆದುಕೊಳ್ಳದೆ ಉಳಿಸಿದ್ದ ಆ ಮೂಲೆಯಲ್ಲಿ, ಹೆಂಡತಿಯ ಪಕ್ಕದಲ್ಲಿ, ಅವನನ್ನು ಹೂಳಿದರು.

ಅರ್ಧಕ್ಕಿಂತ ಹೆಚ್ಚು ಸಾಲ ಅವನ ಬಾಳಿನಲ್ಲಿಯೇ ತೀರಿದ್ದಿತು. ಮಿಕ್ಕದ್ದು ಅವನ ಪುಸ್ತಕಗಳ ಗಳಿಕೆಯಿಂದ 1847ರಲ್ಲಿ ಪೂರ್ತಿ ತೀರಿತು. ಆಬಟ್ಸ್‌ಫರ್ಡ್ ಮನೆತನಕ್ಕೆ ಉಳಿಯಿತು. ಆದರೆ ಯಾರಿಗಾಗಿ ಅದನ್ನು ಕಟ್ಟಿದ್ದನೋ ಆ ವಂಶ? ಒಬ್ಬ ಮಗಳು ಅವನು ಸತ್ತ ಮರುವರ್ಷವೇ, ಇನ್ನೊಬ್ಬಳು 1837ರಲ್ಲಿ ತೀರಿಕೊಂಡರು. ಕಿರಿಯ ಮಗ ಚಾರ್ಲ್ಸ್ 1841ರಲ್ಲಿ ತೆಹರಾನಿನಲ್ಲಿ ಸತ್ತನು. ಹಿರಿಯ ಮಗ, ಎರಡನೆಯ ಸರ್ ವಾಲ್ಟರ್ ಸ್ಕಾಟ್, ಹದಿನೈದನೆಯ ಹುಸಾರ್ ಅಶ್ವದಳದ ಲೆಫ್ಟಿನೆಂಟ್ ಕರ್ನಲ್ ಆಗಿ ಬೆಂಗಳೂರಿನ ದಂಡಿನಲ್ಲಿದ್ದನು. 1846ರಲ್ಲಿ ಬೆಂಗಳೂರಿನಲ್ಲಿ ಅವನಿಗೆ ಜ್ವರ ಬಂದಿತು, ಯಕೃತ್ತು ಕೆಟ್ಟಿತು. ಊರಿಗೆ ಹೋದರೆ ಉಳಿದಾನೆಂದು ಮದರಾಸಿನಲ್ಲಿ ಹಡಗು ಹತ್ತಿಸಿದರು. ಸಾಲದ ಕೊನೆಯ ಕಂತು ತೀರಿದ ಅದೇ 1847ರಲ್ಲಿ, ಫೆಬ್ರವರಿ 8ರಂದು, ಗುಡ್‌ಹೋಪ್ ಭೂಶಿರದ ಬಳಿ ಸಮುದ್ರದ ಮೇಲೆ ಅವನು ಸತ್ತನು. ಅವನಿಗೆ ಮಕ್ಕಳಿರಲಿಲ್ಲ; ಬ್ಯಾರನೆಟ್ ಪದವಿ ಅಲ್ಲಿಗೆ ಮುಗಿಯಿತು. ಹೆಂಡತಿ ಶವವನ್ನು ಸಮುದ್ರಕ್ಕೆ ಬಿಡದೆ ಊರಿನವರೆಗೆ ತಂದಳು. ಮೇ ತಿಂಗಳ 4ರಂದು ಡ್ರೈಬರೊದಲ್ಲಿ, ತಂದೆಯ ಬಳಿಯಲ್ಲಿ, ಮಗನನ್ನೂ ಮಣ್ಣುಮಾಡಿದರು.